ಸೂಜಿಗೆ ಕೂಗಿದ ಹವಾಲ್ದಾರ

ಸಿರಸಂಗಿ,
ತಾ. ೬ ಜನವರಿ ೧೯೨೦

ಮುರಗೋಡದ ಬೀರಪ್ಪ ಮಾವನವರ ಪಡಸಾಲೆಯಲ್ಲಿ ನೆರೆದಿರುವ ಮಹಾಸಭೆಗೆ ಅಳಿಯ ಹವಾಲ್ದಾರ ಅಮೋಘಸಿದ್ದಪ್ಪನ ಶರಣು. ಪತ್ರ ನನ್ನ ಹೆಂಡತಿ ಸತ್ಯವ್ವನಿಗೆ. ಆದರೆ ಅವಳಿಗೆ ಓದು ಬಾರದು; ಓದುವವನು ಅವಳ ತಮ್ಮ ಹಣಮಂತಪ್ಪ, ಅವನ ದನಿ ಓಣಿಗೆಲ್ಲ ಕೇಳುವಂಥದ್ದು. ಆದ್ದರಿಂದ ಎಲ್ಲರೂ ಕುಳಿತು ಕೇಳಬೇಕು. ಬಾಗಿಲ ಹಿಂದೆ ನಿಂತವರೂ.

ಸತ್ಯವ್ವ, ಬೆಳಗಾವಿಯ ಡಾಕ್ಟರರ ಮಂಡಳಿಯ ತೀರ್ಪು ಬಂತು. ಬಸ್ರಾದ ಲಡಾಯಿಯಲ್ಲಿ ತೋಪಿನ ಗುಂಡಿನ ಚೂರು ಮೊಣಕೈಯ ನರ ಕಡಿದದ್ದು ನಿಜವಂತೆ. ಆದರೆ ಹಾನಿ ನೂರಕ್ಕೆ ಹತ್ತೇ ಭಾಗವಂತೆ, ಅಷ್ಟಕ್ಕೆ ಪಿಂಚಣಿ ಇಲ್ಲವಂತೆ. ಬೆರಳು ಐದೂ ಇವೆ, ಸೂಜಿ ಚುಚ್ಚಿದರೆ ನೋವೂ ಇದೆ, ಇನ್ನೇನು ಬೇಕು ಎಂಬ ಧಾಟಿ. ‘ಬಸ್ರಾಕ ಹೋದಾವ ಬಂದ, ಬಲಗೈ ಅಲ್ಲೇ ಬಿಟ್ಟು ಬಂದ’ ಎಂದು ನಾನೇ ಕಟ್ಟಿದ ಪದವನ್ನು ಅಲ್ಲಿಯ ದುಭಾಷಿಗೆ ಹೇಳಿದೆ. ಅವನು ಸಾಹೇಬರಿಗೆ ದಾಟಿಸಲಿಲ್ಲ.

ಈ ಕೈಯಿಂದ ಕುರಿಯ ಉಣ್ಣೆ ಕತ್ತರಿಸಲಾರೆ, ಕಂಬಳಿ ನೇಯಲಾರೆ; ಈ ಪತ್ರವನ್ನೂ ಎಡಗೈಯಿಂದಲೇ ಬರೆದೆ. ಆದರೂ ಬಿಡುವವನಲ್ಲ. ಮತ್ತೊಮ್ಮೆ ಪರೀಕ್ಷಿಸಿ ಎಂದು ಅರ್ಜಿ ಹಾಕಿದೆ. ಬರುವ ಸೋಮವಾರ ಕರೆದಿದ್ದಾರೆ.

ಇನ್ನು ಮಾವನವರಿಗೆ. ಕಾದ ಹಂಚು ಹಿಡಿದು ನನ್ನ ಅಂಗೈ ಸುಟ್ಟರೂ ನನಗೆ ತಿಳಿಯಲಿಲ್ಲವೆಂದು ಕೇಳಿ ನೀವು ಓಡಿಬಂದಿರಿ. “ಸುಟ್ಟದ್ದು ತಿಳೀವಲ್ದು ಅಂದ್ರ ಅದು ದೊಡ್ಡ ರೋಗನ. ನಡಿ ಮಗಳ” ಎಂದು ಇವಳನ್ನು ಕರೆದೊಯ್ದಿರಿ. ಕುಷ್ಠವೋ ಅಲ್ಲವೋ ಎಂದು ಸೂಜಿ ಚುಚ್ಚಿ ನೋಡುವುದು ನಮ್ಮ ಕಡೆಯ ರೂಢಿ: ನೋವಾದರೆ ಮನುಷ್ಯ ಚೊಲೋ, ಆಗದಿದ್ದರೆ ಊರ ಹೊರಗೆ ಗುಡಿಸಲು. ಕಣ್ಣಾರೆ ನೋಡಬೇಕೆಂದು ನೀವು ಬೆಳಗಾವಿಗೂ ಬಂದು ಬಾಗಿಲಲ್ಲಿ ನಿಂತಿರಿ. ಡಾಕ್ಟರ ಸಾಹೇಬ ಸೂಜಿ ಚುಚ್ಚಿದ. ನಾನು ಕೂಗಿದೆ. “ಅಳಿಯಾ ಚೊಲೋ ಅದಾನ. ಸಂಕ್ರಾಂತಿ ಮುಗೀಲಿ, ಮಗಳನ್ನ ಕಳಸ್ತೇನಿ” ಅಂದಿರಿ. ಅದೇ ಕೂಗನ್ನು ಮಂಡಳಿಯೂ ಬರೆದುಕೊಂಡಿತು.

ಸತ್ಯವ್ವ, ಸಾಕು ಈ ಸಭೆ. ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ. ಸಾಹೇಬನ ಕೈ ನೋಡುತ್ತಿದ್ದೆ. ಅದು ಇಳಿದಾಗ ಕೂಗಿದೆ. ನೀನು ಮರಳಿ ಬರಲೆಂದು.

ಸೋಮವಾರ ಕೂಗುವುದಿಲ್ಲ. ಇದು ರೋಗವಲ್ಲ, ಗಾಯ. ಬೇಕಿದ್ದರೆ ಮಾವನವರು ಅದೇ ಬಾಗಿಲಲ್ಲಿ ನಿಲ್ಲಲಿ.

ಇಂತಿ ನಿನ್ನ,
ಅಮೋಘಸಿದ್ದಪ್ಪ

ತಾ.ಕ.: ಮೊಣಕೈಯ ಮೇಲೆ, ಕಲೆಯ ಹತ್ತಿರ, ನೀನು ಮುಟ್ಟಿದರೆ ಇನ್ನೂ ತಿಳಿಯುತ್ತದೆ. ಹಣಮಂತಪ್ಪ, ಈ ಸಾಲನ್ನು ಮೆಲ್ಲಗೆ ಓದು.