ಗಾಜಿನ ಕಾರ್ಖಾನೆಯ ಹುಡುಗಿ

ಅಕ್ಕನ ಮನೆ
ಭಾನುವಾರ, ಸಂಜೆ

ಬಣ್ಣದವರಿಗೆ,

ಹೆಸರು ಹಿಡಿದು ಬರೆಯಲು ಕೈ ಬರಲಿಲ್ಲ, ‘ಪ್ರೀತಿಯ’ ಎಂದು ಬರೆಯಲು ಧೈರ್ಯ ಸಾಲಲಿಲ್ಲ. ಅದಕ್ಕೇ ಭಾನುವಾರದ ಸಿನಿಮಾಕ್ಕೆ ನೆಲಮಾಳಿಗೆಯಲ್ಲಿ ಸೇರುವವರು ನಿಮಗಿಟ್ಟ ಹೆಸರಿನಿಂದಲೇ ಶುರು ಮಾಡಿದ್ದೇನೆ. ನೀವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಅಂದುಕೊಳ್ಳಿ.

ನಮಗೆಲ್ಲ ಸಿನಿಮಾ ಹಾಕುತ್ತಿದ್ದ ದೊಡ್ಡಪ್ಪ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಹಾಗೇ ಒರಗಿದರಂತೆ. ದೊಡ್ಡಮ್ಮ ಚಹಾ ಹಿಡಿದು ಬಂದು, ಮಲಗಿದ್ದಾರೆ ಎಂದುಕೊಂಡು, ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು ಹೋದರಂತೆ. ನನ್ನ ಸಾವಿಗೆ ಇಟಲಿ ಸಿನಿಮಾದ ಕೊಲೆಗಾರನ ಕಪ್ಪು ಕೈಗವಸಾದರೂ ಬೇಕು ಕಣ್ರಯ್ಯ ಅಂತ ಯಾವಾಗಲೂ ಹೇಳುತ್ತಿದ್ದರಲ್ಲ, ಪಾಪ, ಅದೊಂದು ಭಾಗ್ಯ ಸಿಗಲಿಲ್ಲ. ನಿಮಗೆ ಯಾರೂ ತಿಳಿಸಿಲ್ಲ ಎಂದು ಗೊತ್ತಾಯಿತು. ನೀವು ಕೆಲಸಕ್ಕಿದ್ದ ಬಣ್ಣದಂಗಡಿಯ ಯಜಮಾನರನ್ನು ಕೇಳಿ ನಿಮ್ಮ ಹೊಸ ವಿಳಾಸ ತಂದುಕೊಂಡೆ. ನೀವು ಊರು ಬಿಟ್ಟಿದ್ದು ಕೂಡ ನನಗೆ ಅವರಿಂದಲೇ ತಿಳಿದದ್ದು.

ಈ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಅವರ ನೆನಪಿಗೆ ಒಂದು ಸಿನಿಮಾ ಹಾಕಿದ್ದರು. ಹೋಗಿದ್ದೆ. ನೀವು ನಂಬುವುದಿಲ್ಲ, ಗೊತ್ತು.

ಏನೂ ಬದಲಾಗಿಲ್ಲ ಅಲ್ಲಿ. ಮೇಲೆ ಪೀಠೋಪಕರಣದ ಅಂಗಡಿ ಮುಚ್ಚಿ ಇಷ್ಟು ಕಾಲವಾದರೂ ಕೆಳಗೆ ಮಾರಾಟವಾಗದ ಸೋಫಾಗಳು ಹಾಗೇ ಇವೆ, ಪ್ಲಾಸ್ಟಿಕ್ ಕವರು ಕೂಡ ಹಾಗೇ. ಭಯದ ಜಾಗ ಬಂದರೆ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುತ್ತಾರಲ್ಲ, ಆಗ ಆ ಪ್ಲಾಸ್ಟಿಕ್ ಮಾಡುವ ಕಿರ್‍ ಕಿರ್‍ ಸದ್ದು ಕೂಡ ಅದೇ. ನಾವು ಮೊದಲು ಜಗಳವಾಡಿದ್ದು ಅದೇ ಸೋಫಾದ ಮೇಲೆ. ಈ ಇಟಲಿಯವರ ಕೆಂಪು ನಮ್ಮ ಅಂಗಡಿಯ ಯಾವ ಡಬ್ಬದಲ್ಲೂ ಇಲ್ಲ, ಕಥೆ ಕಟ್ಟಿಕೊಂಡು ಏನಾಗಬೇಕು ಅಂದಿರಿ ನೀವು. ಮಳೆಕೋಟಿನ ಕಾರ್ಖಾನೆಯಲ್ಲಿ ದಿನವಿಡೀ ಬಟ್ಟೆ ಕತ್ತರಿಸುವ ನಾನು, ಕೊಲೆಗಾರನ ಕೋಟಿನ ಕಂಕುಳು ಅಷ್ಟು ಬಿಗಿ ಇದ್ದರೆ ಅವನು ಚಾಕು ಎತ್ತುವುದಿರಲಿ, ತಲೆ ಕೂಡ ಕೆರೆದುಕೊಳ್ಳಲಾರ ಅಂದೆ. ದೊಡ್ಡಪ್ಪ ನಕ್ಕು ನಕ್ಕು ಕೆಮ್ಮಿ, ಬಂದಳಪ್ಪ ಕತ್ತರಿ ಅಂದರು. ಅವತ್ತಿನಿಂದ ನಾನು ಕತ್ತರಿ, ನೀವು ಬಣ್ಣದವರು.

ಇವತ್ತೂ ಸಿನಿಮಾಕ್ಕೆ ಮೊದಲು ವಾದ ನಡೆಯಿತು. ಹಲ್ಲಿನ ಡಾಕ್ಟರು ತಮ್ಮ ಹಳೇ ರಾಗ ಎಳೆದರು: ದೆವ್ವದ ಸಿನಿಮಾಗಳೇ ಮೇಲು, ಈ ಕೈಗವಸಿನ ಕೊಲೆಗಳು ಬರೀ ಷೋಕಿ. ರೈಲ್ವೆ ಮಾಮ ಬಿಡುತ್ತಾರೆಯೇ? ಸಂಗೀತ ಕೇಳೋಕೆ ಕಿವಿ ಬೇಕು ಡಾಕ್ಟ್ರೇ, ನಿಮಗಿರೋದು ಬರೀ ಬಾಯಿ ನೋಡೋ ಕಣ್ಣು ಅಂದರು. ಎಲ್ಲರೂ ನಕ್ಕೆವು. ಆಮೇಲೆ ಎಲ್ಲರ ಕಣ್ಣೂ ದೊಡ್ಡಪ್ಪನ ಖಾಲಿ ಕುರ್ಚಿ ಕಡೆ ಹೋಯಿತು. ಆ ಸಿನಿಮಾಗಳಲ್ಲಿ ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತದೆ ಎಂದು ಹೊಸಬರು ಆಡಿಕೊಂಡಾಗೆಲ್ಲ ಅವರು, ನಿಮ್ಮ ಮನೆಯಲ್ಲಿ ಮಾತ್ರ ಎಲ್ಲ ಸರಿಯಾಗಿ ಕೂಡುತ್ತಾ ಅಂತ ಕೇಳುತ್ತಿದ್ದರು. ಹಾಗೆ ಕೇಳುವವರು ಇನ್ನಿಲ್ಲ.

ಇವತ್ತು ಹಾಕಿದ್ದು ಗಾಜಿನ ಕಾರ್ಖಾನೆಯ ಸಿನಿಮಾ.

ಯಾರ ತಪ್ಪೂ ಅಲ್ಲ. ದೊಡ್ಡಪ್ಪನಿಗೆ ಅದು ಪ್ರಾಣ, ಅವರ ನೆನಪಿಗೆ ಅದನ್ನೇ ಹಾಕಬೇಕಲ್ಲವೇ? ಆದರೆ ಹೆಸರು ಪರದೆಯ ಮೇಲೆ ಬಂದಾಗ ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಹಾಗೆ ತಿರುಗದಿದ್ದುದರಿಂದಲೇ ಎಲ್ಲರಿಗೂ ಗೊತ್ತು ಎಂದು ತಿಳಿಯಿತು.

ನಮ್ಮ ಪುಟ್ಟಿ ತೀರಿಹೋದ ಮೇಲಿನ ಮೊದಲ ಭಾನುವಾರ ನೀವು ಶರ್ಟು ಬದಲಿಸಿಕೊಂಡು, ಏನೂ ಹೇಳದೆ ಹೊರಗೆ ಹೋದಿರಿ. ಎಲ್ಲಾದರೂ ಏನಾದರೂ ಮಾಡಿಕೊಂಡುಬಿಡುತ್ತೀರೇನೋ ಎಂದು ಹೆದರಿ ನಾನು ಹಿಂದೆಯೇ ಬಂದೆ. ಇದು ನಿಮಗೆ ಗೊತ್ತಿಲ್ಲ. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಪರದೆಯ ಮೇಲೆ ಹಳದಿ ಕೋಟಿನ ಹುಡುಗಿ ಬಣ್ಣದ ಗಾಜುಗಳ ನಡುವೆ ಓಡುತ್ತಿದ್ದಳು. ಹಿಂದೆ ಕಪ್ಪು ಕೈಗವಸಿನ ಅವನು. ನೀವು ಬಿಸ್ಕತ್ತು ತಿನ್ನುತ್ತಾ ನೋಡುತ್ತಿದ್ದಿರಿ. ಅತ್ತಿದ್ದರೆ ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಎದ್ದು ಹೊರಗೆ ಬಂದಿದ್ದರೆ ಕೈ ಹಿಡಿಯುತ್ತಿದ್ದೆ. ನೀವು ಡಬ್ಬಕ್ಕೆ ಕೈಹಾಕಿ ಇನ್ನೊಂದು ಬಿಸ್ಕತ್ತು ತೆಗೆದಿರಿ. ನಾನು ಮನೆಗೆ ಹೋಗಿ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಬಂದೆ. ಮಗು ಸತ್ತ ವಾರವೇ ರಕ್ತ ನೋಡಿ ಖುಷಿಪಡುವವನು ಮನುಷ್ಯನೇನೇ ಅಂದಳು ಅಕ್ಕ. ನಾನು ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಅಷ್ಟರಿಂದ ಇಷ್ಟು ದೂರ ಬಂದೆವು.

ಇವತ್ತು ಆ ಓಟ ಶುರುವಾಗುವ ಹೊತ್ತಿಗೆ ಎದ್ದು ಹೊರಗೆ ಬಂದೆ. ಓಣಿಯಲ್ಲಿ ದೊಡ್ಡಮ್ಮ ಚಹಾದ ಲೋಟ ತೊಳೆಯುತ್ತಿದ್ದರು. ಇಷ್ಟು ವರ್ಷ ನಮಗೆಲ್ಲ ಚಹಾ ಮಾಡಿದ ಹೆಂಗಸು ಒಂದು ದಿನವೂ ಒಳಗೆ ಬಂದು ಒಂದು ಸಿನಿಮಾ ನೋಡಿದ್ದಿಲ್ಲ, ನೋಡಿ. ಸೆರಗಿಗೆ ಕೈ ಒರೆಸಿಕೊಂಡು, ಯಾಕಮ್ಮ, ಸೆಖೆನಾ ಅಂದರು. ಒಳಗೆ ಸಂಗೀತ ಏರುತ್ತಿತ್ತು. ಆಗ ಅವರು ಲೋಟದಿಂದ ಕಣ್ಣೆತ್ತದೆಯೇ ಹೇಳಿದರು: “ನಿನ್ನ ಗಂಡನೂ ಇಲ್ಲೇ ನಿಂತು ಹೇಳಿದ್ದ ಕಣೇ. ನಮ್ಮ ಮಗು ಹೋದಾಗ ಯಾರೂ ಕಿರುಚಲಿಲ್ಲ ದೊಡ್ಡಮ್ಮ, ಎಲ್ಲರೂ ಸುಮ್ಮನಿರು ಸುಮ್ಮನಿರು ಅಂದರು. ಇಲ್ಲಿ ಸತ್ತರೆ ಒಬ್ಬಳಾದರೂ ಗಂಟಲು ಹರಿಯೋ ಹಾಗೆ ಕಿರುಚುತ್ತಾಳೆ, ಅದನ್ನ ಕೇಳೋಕೆ ಬರ್ತೀನಿ ಅಂದ.”

ನಿಮಗೆ ನೆನಪಿದೆಯೇ, ಆಸ್ಪತ್ರೆಯಲ್ಲಿ ಆ ನರ್ಸಮ್ಮ ಪರದೆ ಎಳೆದು, ಯಂತ್ರ ಆರಿಸಿ, ಸ್ವಲ್ಪ ಮೆತ್ತಗೆ ಅಳಿ ಅಮ್ಮ, ಪಕ್ಕದ ಮಗುವಿಗೆ ಈಗ ತಾನೇ ನಿದ್ದೆ ಹತ್ತಿದೆ ಅಂದಳಲ್ಲ? ಅವಳದ್ದೇನೂ ತಪ್ಪಿಲ್ಲ. ಬಾಯಿಗೆ ಬಂದದ್ದನ್ನು ನಾನು ಅಲ್ಲೇ ನುಂಗಿದೆ. ಆಮೇಲೆ ಅದು ಎಲ್ಲಿ ಹೋಯಿತೋ. ಅಕ್ಕ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾಳೆ.

ದೊಡ್ಡಮ್ಮನನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಹಳದಿ ಕೋಟಿನ ಹುಡುಗಿ ಕೊನೆಯ ಗಾಜಿನ ಮುಂದೆ ನಿಂತಿದ್ದಳು. ಅವಳು ಕಿರುಚಿದಳು. ಆಮೇಲೆ ಸಂಗೀತ ನಿಂತಿತು, ಕಿರುಚಾಟ ಮಾತ್ರ ನಿಲ್ಲಲಿಲ್ಲ. ರೈಲ್ವೆ ಮಾಮ ದೀಪ ಹಾಕಿದಾಗ ತಿಳಿಯಿತು, ಅದು ನಾನು. ಡಾಕ್ಟರು ನೀರು ತಂದರು. ಯಾರೂ ಸುಮ್ಮನಿರು ಎನ್ನಲಿಲ್ಲ. ಮುಗಿಯುವವರೆಗೂ ನಿಂತಿದ್ದರು, ಅಷ್ಟೇ.

ಗಂಟಲು ಕಟ್ಟಿದೆ, ಅಕ್ಕ ಬಿಸಿನೀರು ತಂದಿಟ್ಟಿದ್ದಾಳೆ. ನೀವು ಅವತ್ತು ನನಗೇ ಆ ಮಾತು ಹೇಳಿದ್ದರೆ! ದೊಡ್ಡಮ್ಮನಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ? ಬನ್ನಿ ಎಂದು ಬರೆಯುತ್ತಿಲ್ಲ. ಇಷ್ಟು ದಿನ ನಿಮ್ಮನ್ನು ಕಲ್ಲು ಎಂದುಕೊಂಡಿದ್ದೆ, ಇನ್ನು ಅಂದುಕೊಳ್ಳುವುದಿಲ್ಲ ಎಂದು ತಿಳಿಸಲು ಬರೆದೆ. ಹೊಟ್ಟೆಗೆ ಸರಿಯಾಗಿ ತಿನ್ನಿ.

ಇಂತಿ,
ಕತ್ತರಿ

*

ಬಾಡಿಗೆ ಕೋಣೆ
ಗುರುವಾರ, ಕೆಲಸ ಬಿಟ್ಟು ಬಂದ ಮೇಲೆ

ಕತ್ತರಿಗೆ,

ನಿನ್ನ ಕಾಗದ ಬಂತು. ಮೊದಲು ನಿಂತು ಓದಿದೆ, ಆಮೇಲೆ ಕೂತು ಓದಿದೆ. ದೊಡ್ಡಪ್ಪ ಇಲ್ಲ ಎನ್ನುವುದು ಇನ್ನೂ ತಲೆಗೆ ಹೋಗುತ್ತಿಲ್ಲ. ಇಲ್ಲಿ ಹಡಗಿಗೆ ಹಚ್ಚುವ ಬಣ್ಣ ಬೆರೆಸುತ್ತೇನೆ. ಬರೀ ಬೂದಿ ಬಣ್ಣ. ಇದನ್ನು ಅವರಿಗೆ ಹೇಳಿದ್ದರೆ, ನಿನಗೆ ತಕ್ಕ ಶಿಕ್ಷೆ ಅನ್ನುತ್ತಿದ್ದರು.

ನೀನು ಬಾಯಿಬಿಟ್ಟು ಅತ್ತದ್ದು ಒಳ್ಳೆಯದಾಯಿತು. ನನ್ನಿಂದ ಇನ್ನೂ ಆಗಿಲ್ಲ. ಆಗುತ್ತದೆ ಅಂತ ಅನ್ನಿಸುವುದೂ ಇಲ್ಲ.

ನೀನು ಮೆಟ್ಟಿಲ ಮೇಲೆ ನಿಂತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಬೇಕಿತ್ತು. ಬಿಸ್ಕತ್ತು ತಿಂದದ್ದು ನಿಜ. ಆಸ್ಪತ್ರೆಯಿಂದ ಬಂದಮೇಲೆ ನನ್ನ ಗಂಟಲಲ್ಲಿ ಇಳಿದ ಮೊದಲ ತಿನಿಸು ಅದು. ಯಾಕೆ ಹೋದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಈಗ ಸುಳ್ಳು ಹೇಳಿದರೆ ನಿನಗೆ ಸಮಾಧಾನ, ನನಗೂ ಸಲೀಸು. ಆದರೆ ನೀನು ಅಷ್ಟು ಬರೆದ ಮೇಲೆ ನನ್ನ ಕೈ ಏಳುತ್ತಿಲ್ಲ. ಭಾನುವಾರ ಬಂತು, ಕಾಲು ತಾನಾಗಿ ಅತ್ತ ಹೋಯಿತು. ಆ ಗಾಜಿನ ಹಿಂದಿನ ಕೆಂಪನ್ನು ನೋಡುತ್ತಾ, ಇದಕ್ಕೆ ಎಷ್ಟು ಕಪ್ಪು ಬೆರೆಸಿರಬಹುದು, ಹಳದಿ ಸೋಂಕಿಸಿದ್ದಾರೋ ಇಲ್ಲವೋ ಎಂದು ಯೋಚಿಸಿದೆ. ಅಷ್ಟು ಹೊತ್ತು ಪುಟ್ಟಿ ನೆನಪಿಗೆ ಬರಲಿಲ್ಲ. ಅದಕ್ಕೇ ಹೋದೆ. ಆಮೇಲೂ ಅದಕ್ಕೇ ಹೋಗುತ್ತಿದ್ದೆ. ಅವಳನ್ನು ಮರೆಯಲು ಹೋದೆ ಎಂದು ನಿನಗೆ ಹೇಗೆ ಹೇಳಲಿ? ಹೇಳಲಾರದೆ, ನೀನು ಹೋದಮೇಲೂ ಕರೆಯಲು ಬರಲಿಲ್ಲ.

ಇದನ್ನು ಓದಿ ಮತ್ತೆ ಕಲ್ಲು ಎಂದುಕೊಂಡರೆ ಅಂದುಕೋ. ನಾನು ಈಗಲೇ ಬರುವುದಿಲ್ಲ. ಆ ಮನೆಯ ಬಾಗಿಲು ತೆರೆಯುವ ಧೈರ್ಯ ಇನ್ನೂ ಬಂದಿಲ್ಲ. ಆದರೆ ಒಂದು ಕೇಳುತ್ತೇನೆ, ಆಗುತ್ತದೋ ನೋಡು. ಇಲ್ಲಿ ನನ್ನ ಜೊತೆ ಜಗಳವಾಡುವವರು ಯಾರೂ ಇಲ್ಲ. ಕೋಣೆಯ ಜೊತೆಗಾರನಿಗೆ ಹಾಡು, ಹೊಡೆದಾಟ ಬಿಟ್ಟರೆ ಬೇರೆ ಸಿನಿಮಾ ಇದೆ ಎಂದೇ ಗೊತ್ತಿಲ್ಲ. ಮುಂದಿನ ಭಾನುವಾರ ಅವರು ಏನು ಹಾಕುತ್ತಾರೋ ಅದನ್ನು ನೋಡಿ ಬರೆ. ಕೋಟಿನ ಹೊಲಿಗೆ, ಕಥೆಯ ತೂತು, ನಿನಗೆ ಏನೇನು ಸರಿ ಕಾಣಲಿಲ್ಲವೋ ಎಲ್ಲ ಬರೆ. ನಾನೂ ಅದನ್ನೇ ಹುಡುಕಿ ನೋಡಿ, ನೀನು ಹೇಳಿದ್ದು ತಪ್ಪು ಎಂದು ಉತ್ತರ ಬರೆಯುತ್ತೇನೆ.

ಗಂಟಲು ನೋಡಿಕೋ. ಅಕ್ಕನಿಗೆ ಏನೂ ಹೇಳಬೇಡ, ಅವರು ನನ್ನನ್ನು ಬೈಯುವುದರಲ್ಲಿ ಅರ್ಧ ನ್ಯಾಯವಿದೆ.

ಇಂತಿ ನಿನ್ನ,
ಬಣ್ಣದವನು

ಮ. ಸೂ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ದೊಡ್ಡಮ್ಮನಿಗೆ ನಾನು ಆ ಮಾತು ಹೇಳಿಲ್ಲ. ಓಣಿಯಲ್ಲಿ ನಿಂತು ಅವರ ಹತ್ತಿರ ನಾನು ಚಹಾ ಕೇಳಿದ್ದು ಬಿಟ್ಟರೆ ಬೇರೇನೂ ಮಾತಾಡಿದ್ದೇ ಇಲ್ಲ. ಒಮ್ಮೆ ಸೋಫಾ ಎತ್ತಿಡುವಾಗ ದೊಡ್ಡಪ್ಪ ಹೇಳಿದ್ದರು: ಅವರಿಗೊಂದು ಗಂಡುಮಗು ಆಗಿತ್ತಂತೆ, ನಡೆಯಲು ಕಲಿಯುವ ಮೊದಲೇ ಹೋಯಿತಂತೆ. ಮನೆ ತುಂಬ ಹಿರಿಯರು, ಸುಮ್ಮನಿರು ಸುಮ್ಮನಿರು ಎಂದು ದೊಡ್ಡಮ್ಮನಿಗೆ ದನಿ ತೆಗೆದು ಅಳಲು ಬಿಡಲಿಲ್ಲವಂತೆ. ಇದನ್ನು ಯಾರ ಮುಂದೆಯೂ ಆಡಬೇಡ ಎಂದಿದ್ದರು. ಈಗ ದೊಡ್ಡಪ್ಪನೂ ಇಲ್ಲ. ಭಾನುವಾರ ಸ್ವಲ್ಪ ಬೇಗ ಹೋಗು. ಲೋಟಗಳನ್ನು ನೀನು ತೊಳೆದಿಟ್ಟು, ಅವರನ್ನು ಒಳಗೆ ಕರೆದು ಕೂರಿಸು.