ಎಡಗೆನ್ನೆಯ ಲೇಯರ್

ಮಾರ್ಚ್ 3, ಸೋಮವಾರ

ಇವತ್ತೂ ಅದೇ. ಪಾಸ್‌ಪೋರ್ಟ್ ಫೋಟೊ ಕತ್ತರಿಸಿದೆ. ಲ್ಯಾಮಿನೇಷನ್ ಮಾಡಿದೆ. ಫ್ಲೆಕ್ಸ್ ಮೆಷಿನ್ನಿಗೆ ಹೊಸ ರೋಲ್ ಹಾಕಿದೆ. ಸ್ಟುಡಿಯೊದಲ್ಲಿ ನನ್ನ ಜಾಗ ಹಿಂದಿನ ಕೋಣೆ, ಕಟರ್ ಪಕ್ಕ. ಅದೇ ಇಷ್ಟ. ಗಿರಾಕಿಗಳ ಮುಖ ನಾನು ನೋಡಬೇಕಾಗಿಲ್ಲ, ನನ್ನದನ್ನು ಅವರು ನೋಡಬೇಕಾಗಿಲ್ಲ.

ಸಂಜೆ ಬಾಸ್ ಕರೆದರು. ಹೊಸ ಲೈಟ್ ತಂದಿದ್ದಾರೆ.

"ಕೂತ್ಕೊ ಮರಿ, ಲೈಟ್ ಟೆಸ್ಟ್."

ಎಡಗೆನ್ನೆಯನ್ನು ಗೋಡೆಯ ಕಡೆ ತಿರುಗಿಸಿ ಕೂತೆ.

"ನೆಟ್ಟಗೆ ನೋಡು. ನಾನೇನು ಹುಲೀನಾ?"

ನೋಡಿದೆ. ಕ್ಲಿಕ್. ಅಷ್ಟೇ.

ಮಾರ್ಚ್ 6

ಅಷ್ಟೇ ಅಲ್ಲ.

ಬಾಗಿಲ ಗಾಜಿಗೆ ಹೊಸ ಪೋಸ್ಟರ್. ಎರಡು ಫೋಟೊ, ಎರಡೂ ನನ್ನವು. ಒಂದರ ಕೆಳಗೆ 'ಮೊದಲು' ಅಂತ ಬರೆದಿದೆ. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ನನ್ನ ಮಚ್ಚೆ, ಕಡುಗೆಂಪು. ಇನ್ನೊಂದರ ಕೆಳಗೆ 'ಆಮೇಲೆ'. ಮಚ್ಚೆ ಮಾಯ. ಕೆನ್ನೆ ಹೊಸ ತಟ್ಟೆಯ ಹಾಗೆ.

ಮುಂದಿನ ಕೋಣೆಗೆ ಹೋಗಿ ನಿಂತೆ. "ಬಾಸ್, ಅದು..."

"ಸಖತ್ತಾಗಿ ಬಂದಿದೆ ಅಲ್ವಾ? ನಮ್ಮ ಕೈಚಳಕ ಜನಕ್ಕೆ ಗೊತ್ತಾಗ್ಬೇಕು. ನೀನು ಹೇಗೂ ಹಿಂದೆ ಇರ್ತೀಯ. ನೀನೇ ಅಂತ ಯಾರಿಗೆ ತಿಳಿಯುತ್ತೆ?"

ತಲೆಯಾಡಿಸಿ ವಾಪಸ್ ಬಂದೆ. ಈ ತಲೆಗೆ ಆಡು ಅಂತ ಹೇಳಿದವರು ಯಾರು?

ಮಾರ್ಚ್ 7

ತಿಳಿಯಿತು, ಎಲ್ಲರಿಗೂ. ಬಸ್‌ಸ್ಟಾಪಿನಲ್ಲಿ ಒಬ್ಬಳು ಗೆಳತಿಯನ್ನು ತಿವಿದಳು: "ಏ, 'ಮೊದಲು' ಬಂದ್ಲು ನೋಡೆ."

ಅಂದರೆ ನನಗೊಂದು ಹೆಸರೂ ಸಿಕ್ಕಿತು.

ಅಮ್ಮನಿಗೆ ಹೇಳಿದೆ. ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸಲಿಲ್ಲ. "ನೀನು ಹುಟ್ಟಿದಾಗ ಆ ನರ್ಸಮ್ಮ ರಕ್ತ ಅಂದ್ಕೊಂಡು ಒದ್ದೆ ಬಟ್ಟೇಲಿ ಒರೆಸಿದ್ದೇ ಒರೆಸಿದ್ದು. ಅದು ಹೋಗ್ಲಿಲ್ಲ. ನೀನು ಆಸ್ಪತ್ರೆ ಹಾರಿಹೋಗೋ ಹಾಗೆ ಕಿರುಚಿದೆ. ಆ ಗಂಟಲು ಈಗೆಲ್ಲಿ ಅಡವಿಟ್ಟಿದೀಯೇ?"

ಪ್ಯಾಂಟಿನ ಇನ್ನೊಂದು ಕಾಲು ಮಡಚಿ ಅವಳ ಕೈಗೆ ಕೊಟ್ಟೆ.

ಮಾರ್ಚ್ 15

ಒಂದು ವಾರ ಬರೆಯಲಿಲ್ಲ. ದುಪಟ್ಟಾ ಸುತ್ತಿಕೊಂಡು ಓಡಾಡಿದೆ, ಇನ್ನೇನು ಬರೆಯಲಿ.

ಇವತ್ತು ಬಾಸ್ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಆ ಪೋಸ್ಟರಿನಿಂದ ಗಿರಾಕಿ ಜಾಸ್ತಿಯಾಗಿದ್ದಾರಂತೆ. ತಿಂಗಳ ಕೊನೆಗೆ ಅದನ್ನೇ ಫ್ಲೆಕ್ಸ್ ಮಾಡಿ ಅಂಗಡಿಯ ನೆತ್ತಿಯ ಮೇಲೆ ಕಟ್ಟುತ್ತಾರಂತೆ. ಬಾಗಿಲಷ್ಟು ದೊಡ್ಡ ಮುಖ. ಎರಡು.

ಮಧ್ಯಾಹ್ನ ಡಿಸೈನರ್ ಹತ್ತಿರ ಹೋದೆ. ಊದಿದರೆ ಹಾರಿಹೋಗುವ ಆಳು, ಅದಕ್ಕೆ ಎಲ್ಲರಿಗೂ ಕಡ್ಡಿ.

"ಕಡ್ಡಿ ಅಣ್ಣ, ಆ ಮಚ್ಚೆ ಎಲ್ಲಿಗೆ ಹೋಯ್ತು?"

ನಾನು ಬಾಯಿ ಬಿಟ್ಟಿದ್ದು ನೋಡಿ ಅವನ ಕೈಯ ಬಿಸ್ಕತ್ತು ಟೀಯೊಳಗೆ ಮುಳುಗಿತು. "ಎಲ್ಲೂ ಹೋಗಿಲ್ಲ ಕಣಮ್ಮ. ಅಡೀಲೇ ಇದೆ."

ತೋರಿಸಿದ. ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ಸಣ್ಣ ಚಿತ್ರಗಳ ಸಾಲು, ಒಂದರ ಮೇಲೊಂದು. ಅವು ಲೇಯರ್. ಎಲ್ಲಕ್ಕಿಂತ ಕೆಳಗೆ ನಾನು, ಇದ್ದ ಹಾಗೆ. ಮೇಲೆ ತಟ್ಟೆಯ ಕೆನ್ನೆ. ಅವನು ಮೇಲಿನ ಸಾಲಿನ ಕಣ್ಣಿನ ಗುರುತು ಒತ್ತಿದ. ತಟ್ಟೆ ಹೋಯಿತು, ನಾನು ಬಂದೆ. ಮತ್ತೆ ಒತ್ತಿದ. ನಾನು ಹೋದೆ.

"ನಂಗೂ ಕಲಿಸಿ."

"ಯಾಕೆ, ನನ್ನ ಕೆಲಸಕ್ಕೆ ಕಲ್ಲು ಹಾಕೋಕಾ?"

ನಗುತ್ತಾ ಪಕ್ಕಕ್ಕೆ ಸರಿದು ಕೂತ.

ಮಾರ್ಚ್ 18

ಇವತ್ತಿನ ಪಾಠ ಮಾಸ್ಕ್, ಲೇಯರಿನ ಬೇಕಾದ ಭಾಗ ಮಾತ್ರ ಮರೆಮಾಡುವ ಉಪಾಯ. ತಲೆಗೆ ಹತ್ತಲಿಲ್ಲ. ಕಡ್ಡಿ ಅಣ್ಣ ಹೇಳುವುದು: "ಮಾಸ್ಕ್ ಮೇಲೆ ಬಿಳಿ ಹಚ್ಚಿದ್ರೆ ಆ ಲೇಯರ್ ಕಾಣುತ್ತೆ. ಕಪ್ಪು ಹಚ್ಚಿದ್ರೆ ಮರೆಯಾಗುತ್ತೆ. ಅಷ್ಟೇ ಕಣಮ್ಮ." ಅಷ್ಟೇಯಂತೆ!

ಕಟರ್ ಹತ್ತಿರ ಬಂದು ನನ್ನ ರೀತಿಯಲ್ಲಿ ಮಾಡಿ ನೋಡಿದೆ. ಲ್ಯಾಮಿನೇಷನ್ನಿನ ಹಾಳು ಹಾಳೆಯ ಮೇಲೆ ಮಾರ್ಕರಿನಲ್ಲಿ ಒಂದು ಮುಖ ಬರೆದೆ, ಮಚ್ಚೆ ಸಮೇತ. ಅದರ ಮೇಲೆ ಬಿಳಿ ಕಾಗದ ಇಟ್ಟೆ. ಮುಖ ಮುಚ್ಚಿತು. ಆ ಕಾಗದದಲ್ಲಿ ಬ್ಲೇಡಿನಿಂದ ಕಿಟಕಿ ಕೊರೆದೆ. ಕಿಟಕಿಯಲ್ಲಿ ಮಚ್ಚೆ ಕಂಡಿತು.

ಓ... ಕಪ್ಪು ಹಚ್ಚುವುದೆಂದರೆ ಕಿಟಕಿ ಕೊರೆಯುವುದು. ಬಿಳಿ ಹಚ್ಚುವುದೆಂದರೆ ಅದನ್ನು ಮುಚ್ಚುವುದು. ನನ್ನ ಕಾಗದ ಕೊರೆದರೆ ಕೊರೆದಂತೆ. ಮಾಸ್ಕಿನಲ್ಲಿ ಎಷ್ಟು ಸಲ ಬೇಕಾದರೂ ತೆರೆಯಬಹುದು, ಮುಚ್ಚಬಹುದು. ಅಳಿಸಿಹೋಗುವುದು ಏನೂ ಇಲ್ಲ.

ಅಂಗಡಿಗೆ ಬರುವವರೆಲ್ಲ ಬೆಳ್ಳಗೆ ಮಾಡಿ ಅನ್ನುತ್ತಾರೆ. ಇಲ್ಲಿ ಒಳಗಿನದನ್ನು ತೋರಿಸುವುದು ಕಪ್ಪು. ಖುಷಿಯಾಯಿತು. ಯಾಕೋ ಗೊತ್ತಿಲ್ಲ.

ಮಾರ್ಚ್ 19

ಖುಷಿ ಒಂದೇ ದಿನದ್ದು.

ಕಡ್ಡಿ ಅಣ್ಣ ಒಬ್ಬ ಹೆಂಗಸಿನ ಫೋಟೊ ಕೊಟ್ಟು, ಹಿಂದಿನ ಗೋಡೆ ಮರೆಮಾಡು ಅಂದ. ಬ್ರಷ್ ಹಿಡಿದೆ, ಕಪ್ಪು ಹಚ್ಚಿದೆ. ಗೋಡೆ ಮರೆಯಾಗಲಿಲ್ಲ. ಗೋಡೆಗೇ ಕಪ್ಪು ಮೆತ್ತಿಕೊಂಡಿತು. ಗಾಬರಿಯಲ್ಲಿ ಕೈ ಜಾರಿ ಹಣೆ, ಮೂಗು ಎಲ್ಲ ಕಪ್ಪು.

ಹಿಂದೆ ಬಾಸ್.

"ದುಡ್ಡು ಕೊಟ್ಟು ಮಸಿ ಬಳಿಸ್ಕೊಳ್ಳೋಕೆ ಬಂದಿದಾಳಾ ಆಯಮ್ಮ? ಐದನೇ ಕ್ಲಾಸು ಓದಿದೋಳಿಗೆ ಕಟರ್ರೇ ಸಾಕು. ಏಳು!"

ಎದ್ದೆ. ಕಿವಿ ಬಿಸಿ. ಅವರು ಹೋದಮೇಲೆ ಕಡ್ಡಿ ಅಣ್ಣ ಎರಡು ಗುಂಡಿ ಒತ್ತಿ ಎಲ್ಲ ಮೊದಲಿನಂತೆ ಮಾಡಿದ. "ಎಲ್ಲರೂ ಮಾಡೋ ತಪ್ಪು ಇದು. ಲೇಯರ್ ಸಾಲಲ್ಲಿ ಚಿತ್ರದ ಪಕ್ಕ ಇನ್ನೊಂದು ಪುಟ್ಟ ಡಬ್ಬ ಇದೆ ನೋಡು. ಅದು ಮಾಸ್ಕ್. ಮೊದಲು ಅದರ ಮೇಲೆ ಒತ್ತು. ಒತ್ತದೆ ಹಚ್ಚಿದ್ರೆ ಬಣ್ಣ ಚಿತ್ರಕ್ಕೇ ಬೀಳುತ್ತೆ."

ಪಕ್ಕದ ಡಬ್ಬ. ಮೊದಲು ಒತ್ತು. ಆಮೇಲೆ ಹಚ್ಚು.

ನಾಳೆ ಊಟದ ಹೊತ್ತಿನಲ್ಲಿ ಮತ್ತೆ ಕೂರುತ್ತೇನೆ. ಎಬ್ಬಿಸಲಿ, ನೋಡೋಣ.

ಮಾರ್ಚ್ 25

ಹೇಳಿಬಿಟ್ಟೆ. ದನಿ ನಡುಗಿತು, ಆದರೂ ಬಂತು.

"ಬಾಸ್, ಫ್ಲೆಕ್ಸಿಗೆ ನನ್ನ ಫೋಟೊ ಬೇಡ."

"ಅಷ್ಟು ಚಂದ ಮಾಡಿ ಕೊಟ್ಟಿದೀವಿ. 'ಆಮೇಲೆ' ಫೋಟೊ ಒಂದು ಮನೆಗೆ ತಗೊಂಡು ಹೋಗು, ಫ್ರೀ."

"ಅದು ನನ್ನ ಮುಖ."

"ತೆಗೆದಿದ್ದು ನನ್ನ ಕ್ಯಾಮರಾ. ಬೇಡ ಅನ್ನೋರು ನಾಳೆಯಿಂದ ಬರೋದು ಬೇಡ."

ಕಟರ್ ಹತ್ತಿರ ಬಂದು ನಿಂತೆ. ಕೆಲಸ ಹೋದರೆ ಮನೆಯಲ್ಲಿ ಅಮ್ಮನ ಮೆಷಿನ್ ಒಂದೇ. ಬಿಟ್ಟು ಹೋದರೂ ಫ್ಲೆಕ್ಸ್ ಮೇಲೇರುತ್ತದೆ, ನಾನು 'ಮೊದಲು' ಆಗಿಯೇ ಉಳಿಯುತ್ತೇನೆ. ಹೋಗುವುದಿಲ್ಲ.

ಮಾರ್ಚ್ 28, ಸಂಜೆ

ಬಾಸ್ ಹೊರಗೆ ಶೂಟಿಂಗ್. ಹೋಗುವಾಗ ಹೇಳಿದರು, "ಫೈಲ್ ರೆಡಿ ಇದೆ, ಪ್ರಿಂಟ್ ಹಾಕು. ಕಟ್ಟೋರು ಬೆಳಗ್ಗೆ ಬೇಗ ಬರ್ತಾರೆ."

ಕಡ್ಡಿ ಅಣ್ಣನ ಕುರ್ಚಿಯಲ್ಲಿ ಕೂತೆ. ಅವನು ನನ್ನನ್ನು ನೋಡಿದ, ಪರದೆಯನ್ನು ನೋಡಿದ. "ನಾನು ಟೀಗೆ ಹೋಗ್ತೀನಪ್ಪಾ. ಏನೂ ನೋಡಿಲ್ಲ."

"ಬಾಸ್ ಕೇಳಿದ್ರೆ ನಾನೇ ಅಂತ ಹೇಳಿ."

"ಕೊನೇ ಟೀ ಅಲ್ಲ ತಾನೇ ಇದು?" ಅಂದು ಹೋದ.

ನಿಜ ಬರೆಯುತ್ತೇನೆ. ಮೊದಲು ಹೊಳೆದದ್ದು ಬೇರೆ. ಎರಡೂ ಕಡೆ ತಟ್ಟೆಯ ಕೆನ್ನೆ ಇಟ್ಟರೆ? ಬಸ್‌ಸ್ಟಾಪಿನಲ್ಲಿ ಯಾರೂ ಗುರುತಿಸುವುದಿಲ್ಲ. ಇಟ್ಟೂ ನೋಡಿದೆ. ಯಾರೋ ನೆಂಟರ ಮನೆಯ ಹುಡುಗಿಯರು ಇಬ್ಬರು ನನ್ನ ಅಂಗಿ ತೊಟ್ಟು ಕೂತಂತಿತ್ತು. ಛೀ. ತೆಗೆದೆ.

'ಆಮೇಲೆ' ಫೋಟೊ. ಮೇಲಿನ ಲೇಯರ್. ಪಕ್ಕದ ಪುಟ್ಟ ಡಬ್ಬ ಒತ್ತಿದೆ, ಒತ್ತಿದ್ದೇನೆಯೇ ಅಂತ ಮತ್ತೆ ನೋಡಿದೆ. ಕಪ್ಪು ಹಿಡಿದೆ. ಹಚ್ಚಿದೆ. ದವಡೆಯ ತುದಿ ಬಂತು. ಕೆನ್ನೆ ಬಂತು. ಕಣ್ಣಿನ ಕೆಳಗೆ ಅಮ್ಮ ಮುತ್ತಿಡುವ ಜಾಗ — ಅದೂ ಬಂತು. ಎಲ್ಲ ಅಲ್ಲೇ ಇತ್ತು, ಅಡಿಯಲ್ಲಿ.

ಅಕ್ಷರ ಒಂದೂ ಮುಟ್ಟಲಿಲ್ಲ. 'ಮೊದಲು' ನಾನು. 'ಆಮೇಲೆ'ಯೂ ನಾನೇ.

ಪ್ರಿಂಟ್ ಒತ್ತಿದೆ. ಮೆಷಿನ್ ಉಗುಳುತ್ತಾ ಹೋಯಿತು. ಅಂಚು ಕತ್ತರಿಸಿ ಸುತ್ತಿ ಬಾಗಿಲ ಬಳಿ ನಿಲ್ಲಿಸಿದೆ.

ಮಾರ್ಚ್ 29, ಬೆಳಗ್ಗೆ

ಕಟ್ಟಿಯಾಯಿತು. ಬಾಗಿಲಷ್ಟು ದೊಡ್ಡ ಮುಖ. ಎರಡು.

ದುಪಟ್ಟಾ ಸುತ್ತಿಕೊಂಡಿಲ್ಲ. ಇವತ್ತು ಕೂತಿರುವುದು ಹಿಂದೆ ಅಲ್ಲ, ಮುಂದಿನ ಕೌಂಟರಿನಲ್ಲಿ. ಬರೆಯುತ್ತಿರುವುದೂ ಇಲ್ಲೇ. ಕಡ್ಡಿ ಅಣ್ಣ ಸುಮ್ಮನೆ ಮೌಸ್ ಒರೆಸುತ್ತಿದ್ದಾನೆ, ಆಗಿನಿಂದ ಅದನ್ನೇ.

ಒಬ್ಬ ತಾತ ರಸ್ತೆಯಲ್ಲಿ ನಿಂತು ಮೇಲೆ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಒಳಗೆ ಬಂದರು.

"ಏನಮ್ಮಾ, ವ್ಯತ್ಯಾಸ ಹುಡುಕೋ ಆಟಾನಾ? ನಂಗೊಂದೂ ಸಿಕ್ತಿಲ್ಲ."

"ಇಲ್ಲ ತಾತ. ವ್ಯತ್ಯಾಸ ಇಲ್ಲವೇ ಇಲ್ಲ."

ನನ್ನ ಮುಖ ನೋಡಿದರು. ನಾನು ತಿರುಗಿಸಲಿಲ್ಲ. ನಕ್ಕರು. ನಾನೂ.

ಬಾಸ್ ಸ್ಕೂಟರ್ ಬಂತು. ನಿಲ್ಲಿಸಿದರು. ತಲೆ ಎತ್ತಿದ್ದಾರೆ. ಇನ್ನೂ ಇಳಿಸಿಲ್ಲ. ಕಡ್ಡಿ ಅಣ್ಣ "ಹಿಂದೆ ಹೋಗು, ಹಿಂದೆ ಹೋಗು" ಅನ್ನುತ್ತಿದ್ದಾನೆ.

ಹೋಗುವುದಿಲ್ಲ. ಯಾರು ಮಾಡಿದ್ದು ಅಂತ ಕೇಳುತ್ತಾರೆ. ಉತ್ತರ ಇದೆ, ಗಂಟಲೂ ಇದೆ.

ಬಾಸ್ ಬಾಗಿಲು ತೆಗೆಯುತ್ತಿ—