ಬ್ಯಾಂಕ್ ಮ್ಯಾನೇಜರ್ ಕಾರು ನೋಡಿದ್ದು

ಅಣ್ಣಾ, ಓದಿ ಬೈಯಬೇಡ.

ಕಾರುಗಳ ಪ್ರದರ್ಶನ ನೋಡಿ ಈಗಷ್ಟೇ ಹೊರಬಂದೆ. ಕರೆಂಟಿನ ಕಾರೊಂದರ ಬಾನೆಟ್ ಎತ್ತಿದರೆ ಒಳಗೆ ಎಂಜಿನ್ನೇ ಇಲ್ಲ, ಚೀಲ ಇಡುವ ಜಾಗವಂತೆ. ತೋರಿಸುತ್ತಿದ್ದ ಹುಡುಗಿ ನನ್ನ ಕೆಲಸ ಕೇಳಿದಳು. ಉಗುರಿನ ಕಪ್ಪು ಕಾಣದಂತೆ ಕೈಯನ್ನು ಜೇಬಿಗಿಳಿಸಿ, ಬ್ಯಾಂಕ್ ಮ್ಯಾನೇಜರ್ ಅಂದುಬಿಟ್ಟೆ.

"ಕೂತ್ಕೊಂಡು ನೋಡಿ ಸರ್" ಅಂದಳು.

ಗ್ಯಾರೇಜಿನಲ್ಲಿ ನೀನು ಕಲಿಸಿದ ಅಭ್ಯಾಸ ಎಲ್ಲಿ ಹೋಗುತ್ತದೆ? ಕಂಕುಳಲ್ಲಿದ್ದ ಪೇಪರನ್ನು ಸೀಟಿನ ಮೇಲೆ ಹಾಸಿಯೇ ಕೂತೆ. ಅವಳು ನಗಲಿಲ್ಲ.

"ನಮ್ಮಪ್ಪನೂ ಗಿರಾಕಿ ಕಾರಲ್ಲಿ ಪೇಪರ್ ಹಾಕ್ಕೊಂಡೇ ಕೂರೋದು" ಅಂದಳು, ಮೆಲ್ಲಗೆ.

ತಲೆ ಎತ್ತಲಾಗಲಿಲ್ಲ. ಯಾವ ಬ್ಯಾಂಕು ಅಂತ ಅವಳು ಕೊನೆಗೂ ಕೇಳಲಿಲ್ಲ.

ಕೆಮ್ಮು ವಾಸಿಯಾಗಿದೆ, ಅತ್ತಿಗೆಗೆ ಹೇಳು. ಬಸ್ಸು ಬಂತು.

ನಿನ್ನ ತಮ್ಮ,
ಮೆಕ್ಯಾನಿಕ್